ಡಚ್ ಹತ್ತು ಗಿಲ್ಡರ್ ಮತ್ತು ಡುಕಾಟ್: ಸಂಗ್ರಾಹಕರಿಗಾಗಿ ಒಂದು ವಿಮರ್ಶೆ

ಹಳೆಯ ಚಿನ್ನದ ನಾಣ್ಯ ಕೂಡಿಡುವ ಆಸೆಯಿದೆ, ಆದರೆ ಮೊದಲ ನಾಣ್ಯಕ್ಕೇ ಕೈ ಸುಟ್ಟುಕೊಳ್ಳುವುದು ಬೇಡ ಎನ್ನುವವರಿಗೆ ನೆದರ್ಲೆಂಡ್ಸ್‌ನ ಹತ್ತು ಗಿಲ್ಡರ್ (ಯೂರೊಗೂ ಮೊದಲಿನ ಡಚ್ ಹಣ) ನಾಣ್ಯಕ್ಕಿಂತ ಒಳ್ಳೆಯ ಆಯ್ಕೆ ಕಡಿಮೆ. ಡಚ್ಚರು ‘ಟೀಂಟ್ಯೆ’ ಎಂದು ಕರೆಯುವ ಈ ನಾಣ್ಯ 1875ರಿಂದ 1933ರವರೆಗೆ ಉಟ್ರೆಕ್ಟ್‌ನ ಟಂಕಸಾಲೆಯಲ್ಲಿ ಅಚ್ಚಾಯಿತು. ಕೆಲವು ವರ್ಷಗಳಲ್ಲಿ ನಲವತ್ತು ಲಕ್ಷದಷ್ಟು ಅಚ್ಚಾಗಿದೆ. ಅದರಲ್ಲಿ, ವಿಶೇಷವಾಗಿ ಕೊನೆಯ ವರ್ಷಗಳದ್ದರಲ್ಲಿ, ದೊಡ್ಡ ಪಾಲು ಜನರ ಕೈಗೆ ಬರದೆ ಬ್ಯಾಂಕುಗಳ ಖಜಾನೆಯಲ್ಲೇ ಉಳಿಯಿತು. ಹಾಗಾಗಿ ಮೈ ಕೆಡದ, ಹೊಳಪು ಮಾಸದ ನಾಣ್ಯಗಳು ಇವತ್ತಿಗೂ ಚಿನ್ನದ ಬೆಲೆಗಿಂತ ತುಸುವೇ ಹೆಚ್ಚಿಗೆ ಸಿಗುತ್ತವೆ.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಸಾಮಾನ್ಯ ವರ್ಷದ ಹತ್ತು ಗಿಲ್ಡರ್‌ಗೆ ಚಿನ್ನದ ಬೆಲೆ ಕೊಡಿ, ‘ಪುರಾತನ’ ಎಂಬ ಮಾತಿಗೆ ಏನೂ ಕೊಡಬೇಡಿ. ಹಾಗೆ ಉಳಿದ ಹಣವನ್ನು ಮೈ ಚೆನ್ನಾಗಿರುವ ಒಂದೇ ಒಂದು ಹಳೆಯ ಡುಕಾಟ್‌ಗೆ (ಯೋಧನ ಚಿತ್ರವಿರುವ ತೆಳು ಡಚ್ ಚಿನ್ನದ ನಾಣ್ಯ) ಹಾಕಿ. ಡಚ್ ಚಿನ್ನದಲ್ಲಿ ವಯಸ್ಸಿಗಿಂತ ಮೈ ಮುಖ್ಯ. ಮುನ್ನೂರು ವರ್ಷದ ಬಾಗಿದ ಡುಕಾಟ್ ಒಂದು ನೂರು ವರ್ಷದ ನಿಷ್ಕಳಂಕ ಟೀಂಟ್ಯೆಗಿಂತ ಅಗ್ಗಕ್ಕೆ ಹೋಗುವುದು ಈ ವ್ಯಾಪಾರದಲ್ಲಿ ಮಾಮೂಲು.

ಲೆಕ್ಕ ಹೀಗಿದೆ. ಹತ್ತು ಗಿಲ್ಡರ್‌ನ ತೂಕ 6.729 ಗ್ರಾಂ, ವ್ಯಾಸ 22.5 ಮಿಲಿಮೀಟರ್, ಶುದ್ಧತೆ ಸಾವಿರಕ್ಕೆ 900. ಉಳಿದ 100 ಪಾಲು ಬೆರಕೆ ಲೋಹ, ಮುಖ್ಯವಾಗಿ ತಾಮ್ರ. 6.729ನ್ನು 0.900ರಿಂದ ಗುಣಿಸಿದರೆ ಅಪ್ಪಟ ಚಿನ್ನ 6.056 ಗ್ರಾಂ. ಚಿನ್ನ ಗ್ರಾಂಗೆ 100 ಯೂರೊ ಇದೆ ಎಂದುಕೊಳ್ಳಿ. ಆಗ ನಾಣ್ಯದ ಲೋಹದ ಬೆಲೆ 605.60 ಯೂರೊ. ವ್ಯಾಪಾರಿ 630 ಕೇಳಿದರೆ ನೀವು ಹೆಚ್ಚಿಗೆ ಕೊಡುತ್ತಿರುವುದು ಶೇಕಡಾ 4. ಸಾಮಾನ್ಯ ವರ್ಷದ ನಾಣ್ಯಕ್ಕೆ ಇದು ಸಮಂಜಸ. 700 ಕೇಳಿದರೆ ಶೇಕಡಾ 15ಕ್ಕಿಂತ ಹೆಚ್ಚಾಯಿತು. ಅಷ್ಟು ಕೊಡಬೇಕಾದರೆ ವರ್ಷದಲ್ಲೋ ಮೈಯಲ್ಲೋ ಏನಾದರೂ ವಿಶೇಷ ಇರಲೇಬೇಕು. ಮಾರುವವರು ತೋರಿಸುವ ಒಟ್ಟು ಬೆಲೆ ನೋಡಿ ಮನಸ್ಸು ಮಾಡಬೇಡಿ. ಪ್ರತಿ ಸಲವೂ ಆ ದಿನದ ಗ್ರಾಂ ಬೆಲೆಯನ್ನು 6.056ರಿಂದ ಗುಣಿಸಿ, ಆಮೇಲೆ ಮಾತಿಗೆ ಇಳಿಯಿರಿ.

ಈಗ ವರ್ಷಗಳ ವಿಷಯ. ಮೂರನೆಯ ವಿಲ್ಲೆಮ್ ರಾಜನ ಕಾಲದಲ್ಲಿ, 1875ರಲ್ಲಿ, ನೆದರ್ಲೆಂಡ್ಸ್ ಬೆಳ್ಳಿಯ ಆಧಾರ ಬಿಟ್ಟು ಚಿನ್ನದ ಕಡೆ ತಿರುಗಿದಾಗ ಈ ಸರಣಿ ಶುರುವಾಯಿತು. ಮೊದಲ ವರ್ಷವೇ 41,10,000 ನಾಣ್ಯ. 1876 ಮತ್ತು 1877ರವೂ ಹತ್ತು ಲಕ್ಷ ದಾಟಿದವು. ಈ ಮೂರು ವರ್ಷದವನ್ನು ಅಪರೂಪ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಜವಾಗಿ ಕಡಿಮೆ ಇರುವವು 1880 (50,100), 1885 (67,095), 1886 (51,141), 1887 (40,754) ಮತ್ತು 1888 (35,585). ಇವಕ್ಕೆ ಲೋಹದ ಬೆಲೆಯ ಮೇಲೆ ಸಂಗ್ರಹದ ಬೆಲೆ ಕೊಡುವುದು ನ್ಯಾಯ.

ಬೆಲೆ ಎಲ್ಲಿ ಏರುತ್ತದೋ ಅಲ್ಲಿ ಅಂಕಿ ತಿದ್ದುವವರೂ ಇರುತ್ತಾರೆ. ಇದನ್ನು ಹಿಡಿಯಲು ಟಂಕಸಾಲೆಯ ಚಿಹ್ನೆಗಳನ್ನು ಓದಲು ಕಲಿತಿರಬೇಕು. ಹಿಂಬದಿಯಲ್ಲಿ ಎರಡು ಪುಟ್ಟ ಗುರುತುಗಳಿರುತ್ತವೆ. ಒಂದು ಹಾವು ಸುತ್ತಿದ ಮರ್ಕ್ಯುರಿಯ ದಂಡ. ಅದು ಉಟ್ರೆಕ್ಟ್ ಟಂಕಸಾಲೆಯದು, ಬದಲಾಗುವುದಿಲ್ಲ. ಇನ್ನೊಂದು ಆಯಾ ಕಾಲದ ಟಂಕಸಾಲೆಯ ಮುಖ್ಯಸ್ಥನ ಸ್ವಂತ ಗುರುತು, ಅವನ ಜೊತೆ ಬದಲಾಗುತ್ತದೆ. 1875ರಿಂದ 1887ರವರೆಗೆ ಕೊಡಲಿ. 1888ರಿಂದ ಉದ್ದ ಹಿಡಿಯ ಈಟಿ-ಕೊಡಲಿ. 1911ರಿಂದ 1933ರವರೆಗಿನ ನಾಣ್ಯಗಳಲ್ಲಿ ಕಡಲಕುದುರೆ. ಈಗ ಯೋಚಿಸಿ ನೋಡಿ: 1889ರದ್ದು ಎರಡು ಲಕ್ಷಕ್ಕೂ ಹೆಚ್ಚು ಅಚ್ಚಾದ, ಸುಲಭವಾಗಿ ಸಿಗುವ ನಾಣ್ಯ. ಅದರ ಕೊನೆಯ 9ನ್ನು ಕೆರೆದು 0 ಮಾಡಿದರೆ ಬೆಲೆ ಬಾಳುವ 1880 ಆಗುತ್ತದೆ. ಆದರೆ 1880ರಲ್ಲಿ ಇರಬೇಕಾದದ್ದು ಕೊಡಲಿ. ತಿದ್ದಿದ ನಾಣ್ಯದಲ್ಲಿ ಈಟಿ-ಕೊಡಲಿ ಉಳಿದಿರುತ್ತದೆ. ಇದೇ ರೀತಿ 1888 ಎಂದು ಹೇಳುವ ನಾಣ್ಯದಲ್ಲಿ ಬರಿಯ ಕೊಡಲಿ ಕಂಡರೆ ಅದು 1885ನ್ನೋ 1886ನ್ನೋ ತಿದ್ದಿದ್ದಿರಬೇಕು. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಒಂದಿದ್ದರೆ ಅರ್ಧ ನಿಮಿಷದ ಕೆಲಸ. ಫೋಟೊ ನೋಡಿ ಕೊಳ್ಳುವವರು ಈ ಗುರುತು ಸ್ಪಷ್ಟವಾಗಿ ಕಾಣುವ ಹತ್ತಿರದ ಚಿತ್ರ ಕೇಳಲೇಬೇಕು. ಕೊಡದಿದ್ದರೆ ಆ ವ್ಯವಹಾರ ಅಲ್ಲಿಗೇ ಬಿಡಿ.

ವಿಲ್ಹೆಲ್ಮಿನಾ ರಾಣಿಯ ನಾಣ್ಯಗಳು ಸಂಗ್ರಹಕ್ಕೆ ಹೇಳಿಮಾಡಿಸಿದಂತಿವೆ. 1880ರಲ್ಲಿ ಹುಟ್ಟಿದ ಒಬ್ಬ ರಾಣಿ ನಾಲ್ಕು ಭಾವಚಿತ್ರಗಳಲ್ಲಿ ಹುಡುಗಿಯಿಂದ ನಡುವಯಸ್ಸಿನವರೆಗೆ ಬೆಳೆಯುವುದನ್ನು ಇಲ್ಲಿ ಕಾಣಬಹುದು. ಮೊದಲನೆಯದರಲ್ಲಿ ಬೆನ್ನ ಮೇಲೆ ಕೂದಲು ಇಳಿಬಿಟ್ಟ ಹುಡುಗಿ. ಇದರ ವರ್ಷಗಳು 1892, 1895, 1897. ಎರಡನೆಯದು 1898ರದ್ದು. ಆ ವರ್ಷದ ಸೆಪ್ಟೆಂಬರ್ 6ರಂದು ಅವಳು ಅಧಿಕಾರ ವಹಿಸಿಕೊಂಡಳು. ತಲೆಯ ಮೇಲೆ ಕಿರೀಟಪಟ್ಟಿ ಇರುವ ಈ ಭಾವಚಿತ್ರ ಶಿಲ್ಪಿ ಪಿಯರ್ ಪಾಂಡರ್ ಕೆಲಸ. ಮೂರನೆಯದು 1911ರಿಂದ 1917ರವರೆಗೆ, ಎರ್ಮಿನ್ ತುಪ್ಪಳದ ರಾಜವಸ್ತ್ರ ಹೊದ್ದ ರಾಣಿ. ನಾಲ್ಕನೆಯದು 1925ರಿಂದ 1933ರವರೆಗೆ, ರಾಜವಸ್ತ್ರವಿಲ್ಲದೆ ವಯಸ್ಸು ತೋರುವ ಮುಖ. ಕೊನೆಯ ಎರಡೂ ಪದಕ ಶಿಲ್ಪಿ ವೀನೆಕೆ ಕೆತ್ತಿದವು.

ನಾಲ್ಕು ಭಾವಚಿತ್ರ, ನಾಲ್ಕು ನಾಣ್ಯ: ಇದಕ್ಕಿಂತ ಒಳ್ಳೆಯ ಆರಂಭದ ಗುರಿ ಇಲ್ಲ. ಖರ್ಚೂ ಹದವಾಗಿದೆ. ಹುಡುಗಿಯ ಚಿತ್ರಕ್ಕೆ 1897 (4,53,696), ಎರ್ಮಿನ್‌ಗೆ 1917 (40,00,000) ಅಥವಾ 1912 (30,00,000), ಕೊನೆಯದಕ್ಕೆ 1932 (43,23,954) ಅಥವಾ 1933 (24,62,101). ಈ ಮೂರೂ ಚಿನ್ನದ ಬೆಲೆಯ ಆಸುಪಾಸಿನಲ್ಲೇ ಸಿಗುವಂಥವು. 1898 ಮಾತ್ರ 99,239 ಅಚ್ಚಾಗಿದೆ, ಆ ಚಿತ್ರ ಆ ಒಂದೇ ವರ್ಷದ್ದು, ಎಲ್ಲರಿಗೂ ಬೇಕು. ಅದಕ್ಕೆ ಹೆಚ್ಚು ಕೊಡಲು ತಯಾರಿರಿ. ಈ ನಾಲ್ಕು ಭಾವಚಿತ್ರಗಳಲ್ಲಿ ದುಡ್ಡಿಗೆ ತಕ್ಕ ಹೆಚ್ಚುವರಿ ಬೆಲೆ ಇರುವ ನಾಣ್ಯ ಇದೊಂದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. 1892 (61 ನಾಣ್ಯ) ಮತ್ತು 1895 (149 ನಾಣ್ಯ) ದೊಡ್ಡ ಹರಾಜುಗಳ ವಸ್ತು. ಇವೆರಡು ಎಲ್ಲಾದರೂ ಸಂತೆಯಲ್ಲೋ ಆನ್‌ಲೈನ್ ಜಾಹೀರಾತಿನಲ್ಲೋ ಕಂಡರೆ, ಹಿಂದಿನ ಮಾಲೀಕರ ದಾಖಲೆ ಇಲ್ಲದಿದ್ದರೆ ಖೋಟಾ ಎಂದೇ ತಿಳಿದು ಮುಂದೆ ಹೋಗಿ.

ಮೈ ನೋಡುವುದು ಹೇಗೆ? ಡಚ್ ಹರಾಜುಗಳಲ್ಲಿ ದರ್ಜೆಯನ್ನು, ಕೆಳಗಿನಿಂದ ಮೇಲಕ್ಕೆ, ‘ಫ್ರಾಯ್’, ‘ಝೇರ್ ಫ್ರಾಯ್’, ‘ಪ್ರಾಖ್ಟಿಖ್’, ‘ಎಫ್‌ಡಿಸಿ’ ಎಂದು ಬರೆಯುತ್ತಾರೆ. ‘ಪ್ರಾಖ್ಟಿಖ್’ ಎಂದರೆ ಅಮೆರಿಕದ ಪಟ್ಟಿಗಳಲ್ಲಿ ಎಕ್ಸ್‌ಎಫ್ ಎನ್ನುವ ಮಟ್ಟ; ತೀರಾ ಎತ್ತರದ ಜಾಗಗಳಲ್ಲಿ ಮಾತ್ರ ಸವೆತ. ‘ಎಫ್‌ಡಿಸಿ’ಯಲ್ಲಿ ಸವೆತವೇ ಇರಬಾರದು. 1917ರ ನಾಣ್ಯವನ್ನು ಒಂದೇ ದೀಪದ ಕೆಳಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿ. ಅಚ್ಚಿನಿಂದ ಹೊಸದಾಗಿ ಬಂದ ನಾಣ್ಯದಲ್ಲಿ ಹೊಳಪು ಗಾಡಿಯ ಚಕ್ರದ ಅರೆಗಳಂತೆ ಸುತ್ತುತ್ತದೆ, ಎಲ್ಲೂ ಕಡಿಯುವುದಿಲ್ಲ. ಸವೆದಿದ್ದರೆ ಕಿವಿಯ ಮೇಲಿನ ಕೂದಲಿನ ಉಬ್ಬಿನಲ್ಲಿ, ಎರ್ಮಿನ್‌ನ ಭುಜದ ಮೇಲೆ, ಹಿಂಬದಿಯಲ್ಲಿ ಸಿಂಹದ ತಲೆ ಮತ್ತು ಕಿರೀಟದ ನಡುಭಾಗದಲ್ಲಿ ಆ ಹೊಳಪು ಹಠಾತ್ತನೆ ನಿಂತು ಮಂಕು ಹಳದಿಯ ತೇಪೆ ಕಾಣುತ್ತದೆ. ಮೂರನೆಯ ವಿಲ್ಲೆಮ್‌ನ ನಾಣ್ಯದಲ್ಲಿ ಇದೇ ಸವೆತ ಮೊದಲು ಹುಬ್ಬಿನ ಮೇಲೂ ಗಡ್ಡದ ಮೇಲೂ ಬರುತ್ತದೆ.

1932 ಮತ್ತು 1933ರವುಗಳ ತೊಂದರೆ ಬೇರೆ. ಅವು ಸವೆದಿರುವುದು ಅಪರೂಪ, ಆದರೆ ಚೀಲಗಳಲ್ಲಿ ಒಂದರ ಮೇಲೊಂದು ಬಿದ್ದು ಕೆನ್ನೆಯ ಮೇಲೂ ಮುಖದ ಎದುರಿನ ಬಯಲಿನಲ್ಲೂ (ಚಿತ್ರವಿಲ್ಲದ ಸಪಾಟು ಜಾಗ) ಗಾಯಗಳಾಗಿರುತ್ತವೆ. ಚಿನ್ನ ಮೆತ್ತಗಿನ ಲೋಹ. ಇನ್ನೊಂದು ನಾಣ್ಯದ ಅಂಚಿನ ಹಲ್ಲು ತಗಲಿದರೆ ಸಾಲುಸಾಲಾಗಿ ಪುಟ್ಟ ಗೀಟುಗಳು ಮೂಡುತ್ತವೆ. ಒಂದೇ ಬೆಲೆಗೆ ಹತ್ತು ನಾಣ್ಯ ಮುಂದಿಟ್ಟರೆ ಕೆನ್ನೆ ಸ್ವಚ್ಛವಾಗಿರುವುದನ್ನು ಆರಿಸಿ. ಅಂಗಡಿಯವರು ಲೋಹದ ಲೆಕ್ಕದಲ್ಲಿ ಮಾರುವಾಗ ಆರಿಸಲು ಬಿಡುತ್ತಾರೋ ಇಲ್ಲವೋ ಎಂಬುದರ ಮೇಲೇ ಆ ಅಂಗಡಿಗೆ ನಾವು ಅಂಕ ಕೊಡುತ್ತೇವೆ. ಆರಿಸಲು ಬಿಡದ ಕಡೆ ಸಂಗ್ರಾಹಕನಿಗೆ ಕೆಲಸವಿಲ್ಲ.

ಖೋಟಾ ನಾಣ್ಯಗಳಲ್ಲಿ ಎರಡು ಬಗೆ. ಚಿನ್ನದ ನೀರು ಹಾಕಿದ ಬೆಳ್ಳಿಯದ್ದೋ ಇತರ ಲೋಹದ್ದೋ ಒಂದು ಬಗೆ. ಇದನ್ನು ಮನೆಯಲ್ಲೇ ಹಿಡಿಯಬಹುದು. 0.01 ಗ್ರಾಂ ತೋರಿಸುವ ತೂಕದ ಯಂತ್ರದ ಮೇಲೆ ಒಂದು ಲೋಟ ನೀರಿಡಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಹಾಕಿ, ಗುಳ್ಳೆ ಅಂಟುವುದಿಲ್ಲ; ಆಮೇಲೆ ಯಂತ್ರವನ್ನು ಸೊನ್ನೆಗೆ ತನ್ನಿ. ತೆಳು ನೂಲಿನಲ್ಲಿ ನಾಣ್ಯ ಕಟ್ಟಿ ಪೂರ್ತಿ ಮುಳುಗಿಸಿ; ತಳಕ್ಕೂ ಗೋಡೆಗೂ ತಾಗಬಾರದು. ಆಗ ಯಂತ್ರ ತೋರಿಸುವ ಅಂಕಿಯೇ ನಾಣ್ಯದ ಗಾತ್ರ, ಘನ ಸೆಂಟಿಮೀಟರಿನಲ್ಲಿ. ಅಸಲಿ ಹತ್ತು ಗಿಲ್ಡರ್ 0.39 ತೋರಿಸಬೇಕು. ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ 17.2ರ ಆಸುಪಾಸು. ಅಷ್ಟೇ ತೂಕದ ಬೆಳ್ಳಿಯ ಖೋಟಾ 0.65ರಷ್ಟು ತೋರಿಸುತ್ತದೆ, ಟಂಗ್‌ಸ್ಟನ್‌ಗೆ ಚಿನ್ನ ಲೇಪಿಸಿದ್ದು 0.35ರಷ್ಟು. ಅಪ್ಪಟ ಚಿನ್ನದ ಗಟ್ಟಿಗೆ ಟಂಗ್‌ಸ್ಟನ್ ಮೋಸ ಮಾಡುತ್ತದೆ, ಆದರೆ ತಾಮ್ರ ಬೆರೆತ ಈ ನಾಣ್ಯದ ಸಾಂದ್ರತೆ ಅದಕ್ಕಿಂತ ಕಡಿಮೆ. ಹಾಗಾಗಿ ಇಲ್ಲಿ ಅದು ಸಿಕ್ಕಿಬೀಳುತ್ತದೆ.

ಎರಡನೆಯ ಬಗೆಯೇ ಕಷ್ಟದ್ದು: ಸರಿಯಾದ ಶುದ್ಧತೆಯ ನಿಜವಾದ ಚಿನ್ನದಲ್ಲಿ, ಖಾಸಗಿ ಅಚ್ಚಿನಿಂದ ಮಾಡಿದವು. ನಾಣ್ಯದ ಬೆಲೆ ಲೋಹಕ್ಕಿಂತ ಮೇಲಿದ್ದಾಗ, ಒಡವೆಗೆ ನಾಣ್ಯ ಬೇಕಾದಾಗ ಇಂಥವು ಹುಟ್ಟಿಕೊಂಡವು. ತೂಕ, ನೀರು, ಒರೆಗಲ್ಲು, ಎಕ್ಸ್-ಕಿರಣದಿಂದ ಲೋಹ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಯಾವುದೂ ಇವನ್ನು ಹಿಡಿಯುವುದಿಲ್ಲ. ಲೋಹ ಸರಿಯಾಗಿಯೇ ಇದೆಯಲ್ಲ. ಕಣ್ಣೇ ಹಿಡಿಯಬೇಕು. ಅಸಲಿ ನಾಣ್ಯದಿಂದ ಪಡಿಯಚ್ಚು ತೆಗೆದು ಮಾಡಿದ ಅಚ್ಚಿನಲ್ಲಿ ಅಸಲಿಯ ಗಾಯಗಳೂ ಪಡಿಮೂಡುತ್ತವೆ. ಆದ್ದರಿಂದ ಗಾಯ ಕಂಡರೆ ಅದರ ತಳ ನೋಡಿ. ನಿಜವಾಗಿ ಪೆಟ್ಟು ಬಿದ್ದ ಗಾಯದ ತಳ ಚೂಪಾಗಿ ಮಿರುಗುತ್ತದೆ, ಅಂಚಿನಲ್ಲಿ ಲೋಹ ತುಸು ಎದ್ದಿರುತ್ತದೆ. ಪಡಿಮೂಡಿದ ಗಾಯ ಮೆತ್ತಗಿನ ಗುಳಿ. ಅದರ ಒಳಗೂ ಹೊರಗೂ ಒಂದೇ ಹೊಳಪು. ಇನ್ನೊಂದು ಸುಳಿವು, ಅಕ್ಷರಗಳ ಬುಡ. ‘GOD ZIJ MET ONS’ ಎಂಬ ಬರಹದ ಅಕ್ಷರಗಳು ಬಯಲಿನಿಂದ ನೆಟ್ಟಗೆ, ಮೂಲೆ ಬಿಡದೆ ಏಳಬೇಕು. ಬುಡ ಇಳಿಜಾರಾಗಿ ಬಯಲಿಗೆ ಕರಗಿದ್ದರೆ ಅನುಮಾನಪಡಿ. ಅಂಚಿನ ಹಲ್ಲುಗಳ ಸಾಲು ಎಲ್ಲೂ ಏರುಪೇರಾಗಿರಬಾರದು. ಬಯಲಿನಲ್ಲಿ ಸಣ್ಣ ಗುಳ್ಳೆಯಂಥ ಉಬ್ಬುಗಳು, ಅಂಚಿನ ಮಣಿಗಳ ನಡುವಿನಿಂದ ಎದ್ದ ಚೂಪು ಗೀಟುಗಳು ಕಂಡರೆ ಅದು ಅಚ್ಚನ್ನು ಕೈಯಲ್ಲಿ ತಿದ್ದಿದ ಗುರುತು. ಖಚಿತವಾಗಿ ಅಸಲಿ ಎಂದು ಗೊತ್ತಿರುವ 1917ರ ಒಂದು ನಾಣ್ಯವನ್ನು ಯಾವಾಗಲೂ ಪಕ್ಕದಲ್ಲಿಟ್ಟು ಹೋಲಿಸಿ. ಅದಕ್ಕೆ ಹಾಕಿದ ಹಣ ದಂಡವಲ್ಲ; ಅಗ್ಗದ ವರ್ಷದ್ದು, ಯಾವಾಗ ಬೇಕಾದರೂ ಮಾರಬಹುದು.

ಕೊಂಡಿ ಬೆಸೆದು ಪದಕ ಮಾಡಿ ಆಮೇಲೆ ಕಿತ್ತ ನಾಣ್ಯಗಳೂ ಬಹಳ. ನಾಣ್ಯವನ್ನು ಅಂಚಿನ ಕಡೆಯಿಂದ ಹಿಡಿದು, ರಾಣಿಯ ತಲೆಯ ನೆತ್ತಿಗೆ ನೇರವಾಗಿರುವ ಜಾಗದಲ್ಲಿ ಹಲ್ಲುಗಳು ಪೂರ್ತಿ ಇವೆಯೇ ನೋಡಿ. ಅರದಿಂದ ಉಜ್ಜಿ ನಯ ಮಾಡಿದ್ದರೆ ಅಲ್ಲಿ ಹಲ್ಲು ಮೋಟಾಗಿರುತ್ತದೆ, ಬೆಸುಗೆಯ ಬಣ್ಣ ತುಸು ಬಿಳಿಚಿರುತ್ತದೆ. ಇಂಥದ್ದಕ್ಕೆ ಲೋಹದ ಬೆಲೆ ಮಾತ್ರ, ವರ್ಷ ಯಾವುದೇ ಇರಲಿ.

ಐದು ಗಿಲ್ಡರ್ ನಾಣ್ಯವನ್ನು ವಿಲ್ಹೆಲ್ಮಿನಾ ಕಾಲದಲ್ಲಿ ಅಚ್ಚು ಮಾಡಿದ್ದು 1912ರಲ್ಲಿ ಮಾತ್ರ, ಹತ್ತು ಲಕ್ಷ. ತೂಕ 3.36 ಗ್ರಾಂ, ವ್ಯಾಸ 18 ಮಿಲಿಮೀಟರ್. ಒಂದೇ ವರ್ಷದ್ದು ಎಂಬ ಕಾರಣಕ್ಕೆ ಗ್ರಾಂ ಲೆಕ್ಕದಲ್ಲಿ ಅದು ಹತ್ತು ಗಿಲ್ಡರ್‌ಗಿಂತ ದುಬಾರಿ. ಚೆಂದದ ನಾಣ್ಯ, ಆದರೆ ಮೊದಲು ಕೊಳ್ಳುವುದಲ್ಲ. ಒಂದನೆಯ ವಿಲ್ಲೆಮ್‌ನ ಕಾಲದ ಹತ್ತು ಗಿಲ್ಡರ್ (1818ರಿಂದ 1840) ತೂಕದಲ್ಲೂ ಶುದ್ಧತೆಯಲ್ಲೂ ಇದೇ ಅಳತೆಯದು. 1830ರವರೆಗೆ ಬೆಲ್ಜಿಯಂ ಕೂಡ ಅದೇ ರಾಜ್ಯದಲ್ಲಿದ್ದುದರಿಂದ ಉಟ್ರೆಕ್ಟ್‌ನ ಮುಖ್ಯಸ್ಥನ ಪಂಜಿನ ಗುರುತಿನವೂ ಇವೆ, ಬ್ರಸೆಲ್ಸ್‌ನ ‘B’ ಅಕ್ಷರದವೂ ಇವೆ. ನಾಣ್ಯ ಚಲಾವಣೆಯಲ್ಲಿ ನಿಜವಾಗಿಯೂ ಓಡಾಡಿದ ಕಾಲ ಅದು. ಸವೆಯದ್ದು ಸಿಗುವುದು ಕಷ್ಟ, ‘ಝೇರ್ ಫ್ರಾಯ್’ ಸಿಕ್ಕರೂ ತೃಪ್ತಿಪಡಬೇಕು.

ಇನ್ನು ಡುಕಾಟ್. ಡಚ್ ಚಿನ್ನದ ಜೀವಾಳ ಇದೇ. 1586ರಿಂದ ಶುರುವಾಗಿ, ನಡುನಡುವೆ ನಿಂತರೂ, ಇವತ್ತಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಅಚ್ಚಾಗುತ್ತಿದೆ. ಒಂದು ಬದಿಯಲ್ಲಿ ಕವಚ ತೊಟ್ಟ ಯೋಧ ನಿಂತಿದ್ದಾನೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಒಂದಾದ ಏಳು ಪ್ರಾಂತಗಳನ್ನು ಸೂಚಿಸುವ ಬಾಣಗಳ ಕಟ್ಟು. ಸುತ್ತ ‘CONCORDIA RES PARVAE CRESCUNT’ ಎಂಬ ಲ್ಯಾಟಿನ್ ಬರಹ: ಒಗ್ಗಟ್ಟಿದ್ದರೆ ಸಣ್ಣದೂ ಬೆಳೆಯುತ್ತದೆ. ಇನ್ನೊಂದು ಬದಿಯಲ್ಲಿ ಅಲಂಕಾರದ ಚೌಕದೊಳಗೆ ಐದು ಸಾಲು ಅಕ್ಷರ. ಅದರ ಕೊನೆಯ ‘AD LEG IMP’ ಎಂಬುದು ಈ ನಾಣ್ಯ ಪವಿತ್ರ ರೋಮನ್ ಸಾಮ್ರಾಜ್ಯದ ಕಾಯ್ದೆಯ ಅಳತೆಗೆ ಸರಿಯಾಗಿದೆ ಎಂಬ ಭರವಸೆ. ಆ ಕಾಯ್ದೆ 1559ರದ್ದು. ಅದರಂತೆ ಒಂದು ಕಲೋನ್ ಮಾರ್ಕ್ (ಆಗಿನ ತೂಕದ ಅಳತೆ) ಚಿನ್ನಕ್ಕೆ 67 ಡುಕಾಟ್, ಅಂದರೆ ಒಂದಕ್ಕೆ 3.49 ಗ್ರಾಂ, ಶುದ್ಧತೆ ಸಾವಿರಕ್ಕೆ 986. ಮುಂದೆ ರಾಜಪ್ರಭುತ್ವದ ಕಾಲದಲ್ಲಿ 3.494 ಗ್ರಾಂ, ಸಾವಿರಕ್ಕೆ 983 ಎಂದು ನಿಂತಿತು. ಅಪ್ಪಟ ಚಿನ್ನ 3.435 ಗ್ರಾಂ. ಜೋಡಿ ಡುಕಾಟ್ ಇದರ ಎರಡರಷ್ಟು.

ಯಾವ ಪ್ರಾಂತದ್ದು ಎಂದು ತಿಳಿಯಲು ‘CRES’ (CRESCUNT ಎಂಬುದರ ಮೊಟಕು ರೂಪ) ಆದ ಮೇಲೆ ಬರುವ ಅಕ್ಷರ ಓದಿ. HOL ಎಂದರೆ ಹಾಲೆಂಡ್, TRA ಎಂದರೆ ಉಟ್ರೆಕ್ಟ್, TRANSI ಎಂದರೆ ಓವರೈಸೆಲ್, ZEL ಎಂದರೆ ಝೀಲೆಂಡ್, WESTF ಎಂದರೆ ವೆಸ್ಟ್‌ಫ್ರೀಸ್‌ಲ್ಯಾಂಡ್. TRA ಮತ್ತು TRANSI ಗೊಂದಲ ಮಾಡಿಕೊಳ್ಳುವವರು ಬಹಳ, ಮಾರುವವರಲ್ಲೂ ಇದ್ದಾರೆ. 18ನೆಯ ಶತಮಾನದ ಉಟ್ರೆಕ್ಟ್ ಮತ್ತು ಹಾಲೆಂಡ್ ಡುಕಾಟುಗಳು ಧಾರಾಳವಾಗಿ ಸಿಗುತ್ತವೆ. ಆರಂಭಕ್ಕೆ ಇವೇ ಸರಿ.

ಡುಕಾಟ್ ತೊಂದರೆ ಕೊಡುವುದು ಅದರ ತೆಳುತನದಿಂದ. 21 ಮಿಲಿಮೀಟರ್ ಅಗಲ, ಹೆಚ್ಚುಕಡಿಮೆ ಅಪ್ಪಟ ಚಿನ್ನ, ಕೈಯಲ್ಲೇ ಬಾಗಬಲ್ಲದು. ಬಾಗಿದ್ದನ್ನು ನೆಟ್ಟಗೆ ಮಾಡಿದರೂ ಯೋಧನ ಸೊಂಟದ ಹತ್ತಿರವೋ ಚೌಕದ ಮೂಲೆಯಲ್ಲೋ ಸಣ್ಣ ಅಲೆ ಉಳಿಯುತ್ತದೆ. ಗಾಜಿನ ಮೇಲೆ ನಾಣ್ಯವಿಟ್ಟು ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಅಲ್ಲಾಡಿದರೆ ಅದು ಬಾಗಿದೆ. ಅದಕ್ಕೆ ಬೆಲೆ ಗಣನೀಯವಾಗಿ ಇಳಿಯಬೇಕು. ತೂತು ಕೊರೆದು ಮತ್ತೆ ಮುಚ್ಚಿದವು, ಅಂಚು ಕತ್ತರಿಸಿದವು ಬೇರೆ. ತೂಕ 3.45ಕ್ಕಿಂತ ಕೆಳಗಿದ್ದರೆ ಕಾರಣ ಹುಡುಕದೆ ಕೊಳ್ಳಬೇಡಿ. 1670ರ ಹಿಂದಿನವು ಸುತ್ತಿಗೆಯಲ್ಲಿ ಬಡಿದು ಅಚ್ಚೊತ್ತಿದವು. ಅವುಗಳ ಆಕಾರ ವಕ್ರವಾಗಿರುವುದು, ಬರಹದ ಒಂದು ತುದಿ ನಾಣ್ಯದಿಂದ ಹೊರಗೆ ಹೋಗಿರುವುದು ದೋಷವಲ್ಲ.

ನೀರಿನ ಪರೀಕ್ಷೆಗೆ ಇಲ್ಲಿ 0.01 ಗ್ರಾಂ ಯಂತ್ರ ಸಾಲದು. ಅಸಲಿ ಡುಕಾಟ್ ತೋರಿಸಬೇಕಾದ್ದು 0.184, ಕೊನೆಯ ಅಂಕಿಯಲ್ಲಿ ತಪ್ಪಿದರೆ ಸಾಂದ್ರತೆ 18ಕ್ಕೂ 20ಕ್ಕೂ ನಡುವೆ ಎಲ್ಲಿ ಬೇಕಾದರೂ ಬರುತ್ತದೆ. 0.001 ತೋರಿಸುವ ಯಂತ್ರವೇ ಬೇಕು. ಆಗ ಸಾಂದ್ರತೆ 19ರ ಹತ್ತಿರ ಬಂದರೆ ಸರಿ. 0.203ರ ಸುತ್ತ ಬಂದರೆ ಅದು ಸಾವಿರಕ್ಕೆ 900ರ ಬೆರಕೆ ಚಿನ್ನದಲ್ಲಿ ಮಾಡಿದ ಒಡವೆಯ ನಕಲು.

ಡುಕಾಟ್‌ನ ಇನ್ನೊಂದು ಮುಖ ಸಂಗ್ರಾಹಕನಿಗೆ ಬಹಳ ರುಚಿಸುವಂಥದ್ದು. ಈ ನಾಣ್ಯದ ಮೇಲೆ ಜಗತ್ತಿಗೆ ಎಷ್ಟು ನಂಬಿಕೆ ಇತ್ತೆಂದರೆ, ರಷ್ಯಾ ಸರ್ಕಾರವೇ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1735ರಿಂದ 1868ರವರೆಗೆ ಡಚ್ ಡುಕಾಟನ್ನು ಗುಟ್ಟಾಗಿ ಅಚ್ಚು ಹಾಕಿಸಿತು. 1831ರ ದಂಗೆಯ ಸಮಯದಲ್ಲಿ ವಾರ್ಸಾದಲ್ಲಿ ಪೋಲೆಂಡಿನವರೂ ಇದೇ ರೂಪದಲ್ಲಿ ಅಚ್ಚೊತ್ತಿದರು. ಯೋಧನ ತಲೆಯ ಬಳಿ ಇರುವ ಪುಟ್ಟ ಹದ್ದಿನಿಂದ ಅದನ್ನು ಗುರುತಿಸಬಹುದು. ಹದ್ದಿರುವ ನಾಣ್ಯಕ್ಕೆ ಪೋಲೆಂಡಿನ ಸಂಗ್ರಾಹಕರೂ ಪೈಪೋಟಿಗೆ ಬರುತ್ತಾರೆ, ಬೆಲೆ ಏರುತ್ತದೆ. ಸಾಮಾನ್ಯ ಡುಕಾಟ್‌ಗಳ ರಾಶಿಯಲ್ಲಿ 1831 ಎಂಬ ವರ್ಷ ಕಂಡರೆ ಲೂಪ್ ಹಿಡಿಯದೆ ಕೆಳಗಿಡಬೇಡಿ. ಪೀಟರ್ಸ್‌ಬರ್ಗ್‌ನದ್ದನ್ನು ಡಚ್‌ನದ್ದರಿಂದ ಬೇರ್ಪಡಿಸುವುದು ಪಳಗಿದವರಿಗೂ ಸುಲಭವಲ್ಲ. ಅದನ್ನು ಖೋಟಾ ಎಂದು ಎಸೆಯುವಂತೆಯೂ ಇಲ್ಲ: ಚಿನ್ನ ಸರಿಯಾದದ್ದು, ಅಚ್ಚು ಸರ್ಕಾರದ್ದು, ಇತಿಹಾಸ ಅದರದ್ದೇ.

ಸಮುದ್ರದಿಂದ ಎತ್ತಿದ ಡುಕಾಟುಗಳೂ ಮಾರುಕಟ್ಟೆಯಲ್ಲಿವೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ‘ಅಕೆರೆಂಡಾಮ್’ ಹಡಗು 1725ರಲ್ಲಿ ನಾರ್ವೆಯ ರುಂಡೆ ದ್ವೀಪದ ಬಳಿ ಮುಳುಗಿತು, 1972ರಲ್ಲಿ ಅದರ ನಾಣ್ಯಗಳು ಸಿಕ್ಕವು. 1735ರಲ್ಲಿ ಝೀಲೆಂಡ್ ಕರಾವಳಿಯಲ್ಲಿ ಮುಳುಗಿದ ‘ಫ್ಲೀಗೆಂಟ್ ಹರ್ಟ್’ 1981ರಲ್ಲಿ ಪತ್ತೆಯಾಯಿತು. ಚಿನ್ನವನ್ನು ಉಪ್ಪುನೀರು ತಿನ್ನುವುದಿಲ್ಲ, ಆದರೆ ಮರಳು ಉಜ್ಜುತ್ತದೆ. ಪೆಟ್ಟಿಗೆಯೊಳಗೆ ಉಳಿದದ್ದು ಹೊಸದರಂತೆ ಇರುತ್ತದೆ, ತಳದಲ್ಲಿ ಚದುರಿದ್ದು ಮಂಕಾಗಿ ಸವೆದಿರುತ್ತದೆ. ಹಡಗಿನ ಹೆಸರಿಗೆ ಹೆಚ್ಚು ಬೆಲೆ ಕೇಳಿದರೆ ಮೂಲ ಪ್ರಮಾಣಪತ್ರವೂ ನಾಣ್ಯದ ಜೊತೆಗೇ ಬರಬೇಕು. ನಾಣ್ಯದ ವರ್ಷ ಹಡಗು ಮುಳುಗಿದ ವರ್ಷಕ್ಕಿಂತ ಮುಂದಿನದಾಗಿದ್ದರೆ ಆ ಪ್ರಮಾಣಪತ್ರ ಬೇರೆ ನಾಣ್ಯದ್ದು. ಇಷ್ಟು ಸಣ್ಣ ಲೆಕ್ಕವನ್ನೂ ನೋಡದೆ ಕೊಳ್ಳುವವರು ಇದ್ದಾರೆ.

ಹದಿನಾಲ್ಕು ಗಿಲ್ಡರ್‌ನ ಚಿನ್ನದ ರೈಡರ್, ಕುದುರೆ ಸವಾರನ ಚಿತ್ರದ್ದು, ಸುಮಾರು 9.95 ಗ್ರಾಂ, 22 ಕ್ಯಾರೆಟ್. 18ನೆಯ ಶತಮಾನದ ಮಧ್ಯದ ಅತ್ಯಂತ ಸುಂದರ ಡಚ್ ನಾಣ್ಯ ಇದು ಎಂಬುದರಲ್ಲಿ ಎರಡು ಮಾತಿಲ್ಲ. ಹತ್ತಾರು ಡುಕಾಟ್‌ಗಳನ್ನು ಕೈಯಲ್ಲಿ ಹಿಡಿದು ನೋಡಿ ಕಣ್ಣು ಪಳಗಿದ ಮೇಲೆ ಇದರ ಕಡೆ ಹೋಗಿ. ಈಗಿನ ಹೊಸ ಡುಕಾಟ್‌ಗಳು ಪೆಟ್ಟಿಗೆ, ಪ್ರಮಾಣಪತ್ರ ಸಮೇತ ಬರುತ್ತವೆ, ಕನ್ನಡಿಯಂತೆ ಹೊಳೆಯುತ್ತವೆ. ಉಡುಗೊರೆಗೆ ಚೆನ್ನ. ಸಂಗ್ರಹದ ದೃಷ್ಟಿಯಿಂದ, ಎರಡನೆಯ ಕೈ ಮಾರುಕಟ್ಟೆಯಲ್ಲಿ ಲೋಹದ ಬೆಲೆಗೆ ಹತ್ತಿರ ಸಿಕ್ಕಾಗ ಮಾತ್ರ ತೆಗೆದುಕೊಳ್ಳಿ.

ತೆರಿಗೆಯ ಮಾತು. ಯುರೋಪಿಯನ್ ಒಕ್ಕೂಟದಲ್ಲಿ 1800ರ ನಂತರ ಅಚ್ಚಾದ, ಸಾವಿರಕ್ಕೆ 900 ಅಥವಾ ಹೆಚ್ಚು ಶುದ್ಧತೆಯ, ತನ್ನ ದೇಶದಲ್ಲಿ ಕಾನೂನುಬದ್ಧ ಹಣವಾಗಿರುವ ಅಥವಾ ಆಗಿದ್ದ, ಲೋಹದ ಬೆಲೆಗಿಂತ ಶೇಕಡಾ 80ರವರೆಗೆ ಮಾತ್ರ ಹೆಚ್ಚಿಗೆ ಮಾರುವ ಚಿನ್ನದ ನಾಣ್ಯಕ್ಕೆ ವ್ಯಾಟ್ ಇಲ್ಲ. ಇಂಥ ನಾಣ್ಯಗಳ ಪಟ್ಟಿ ಪ್ರತಿ ವರ್ಷ ಒಕ್ಕೂಟದ ಅಧಿಕೃತ ಪತ್ರಿಕೆಯಲ್ಲಿ ಬರುತ್ತದೆ. ಹತ್ತು ಗಿಲ್ಡರ್ ಮತ್ತು ಡುಕಾಟ್ ಎರಡೂ ಅದರಲ್ಲಿವೆ. ಮೇಲಿನ 605.60 ಯೂರೊ ಲೆಕ್ಕದಲ್ಲಿ 1,090 ದಾಟದವರೆಗೆ ಹತ್ತು ಗಿಲ್ಡರ್‌ಗೆ ಈ ವಿನಾಯಿತಿ ಪ್ರಶ್ನೆಯಾಗದು. 18ನೆಯ ಶತಮಾನದ ಡುಕಾಟ್‌ಗೆ ಈ ವಿನಾಯಿತಿ ಇಲ್ಲ. ಅದನ್ನು ವ್ಯಾಪಾರಿಗಳು ಸಾಮಾನ್ಯವಾಗಿ ತಮ್ಮ ಲಾಭದ ಮೇಲಷ್ಟೇ ತೆರಿಗೆ ಕಟ್ಟುವ ಪದ್ಧತಿಯಲ್ಲಿ ಮಾರುತ್ತಾರೆ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಖರೀದಿದಾರರ ಶುಲ್ಕ ಬೀಳುತ್ತದೆ ಎಂಬುದನ್ನು ಮರೆಯದೆ, ಅದನ್ನು ಕಳೆದು ಕೂಗಿ.

ಇಡುವ ರೀತಿ. ಪಿವಿಸಿ ಬೆರೆತ ಮೆತ್ತನೆಯ ಪ್ಲಾಸ್ಟಿಕ್ ಆಲ್ಬಮ್ ಬೇಡವೇ ಬೇಡ. ವರ್ಷಗಳಲ್ಲಿ ಅದರಿಂದ ಅಂಟು ಇಳಿದು ನಾಣ್ಯದ ಮೇಲೆ ಹಸಿರು ಪದರ ಕೂರುತ್ತದೆ. ಹತ್ತು ಗಿಲ್ಡರ್‌ಗೆ ಒಳ ವ್ಯಾಸ 22.5 ಮಿಲಿಮೀಟರ್ ಇರುವ ಗಟ್ಟಿ ಕ್ಯಾಪ್ಸೂಲ್ ತೆಗೆದುಕೊಳ್ಳಿ. ಸಡಿಲವಾದರೆ ನಾಣ್ಯ ಒಳಗೇ ತಿರುಗಿ ಅಂಚು ಸವೆಯುತ್ತದೆ. ಡುಕಾಟ್ ತೆಳುವಾಗಿರುವುದರಿಂದ ಕ್ಯಾಪ್ಸೂಲ್‌ನಲ್ಲಿ ಅಲುಗಾಡುತ್ತದೆ, ಅಂಚನ್ನು ಸುತ್ತಿ ಹಿಡಿಯುವ ಒಳಪಟ್ಟಿ ಇರುವುದು ಒಳ್ಳೆಯದು. ಹತ್ತು ಗಿಲ್ಡರ್ ಮೇಲೆ ಕೆಂಪು ಚುಕ್ಕೆ ಕಂಡರೆ ಗಾಬರಿ ಬೇಡ. ಬೆರಕೆಯಲ್ಲಿ ತಾಮ್ರ ಸರಿಯಾಗಿ ಕರಗದೆ ಉಳಿದ ಜಾಗ ಗಾಳಿಗೆ ಕಂದಿದ್ದು ಅದು. ಉಜ್ಜಿದರೆ ಚುಕ್ಕೆ ಹೋಗುವ ಮೊದಲೇ ಹೊಳಪು ಹೋಗುತ್ತದೆ, ಹಾಗೆಯೇ ಬಿಡಿ. ಪಿವಿಸಿ ಅಂಟಿಗೆ ಮಾತ್ರ ಶುದ್ಧ ಅಸಿಟೋನ್ ಬಳಸಬಹುದು: ಗಾಜಿನ ಬಟ್ಟಲಲ್ಲಿ, ಬೆಂಕಿಯಿಂದ ದೂರ, ಕಿಟಕಿ ತೆರೆದು, ಹತ್ತು ನಿಮಿಷ ಮುಳುಗಿಸಿಡಿ. ಉಜ್ಜಬೇಡಿ. ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಗೆ ಒತ್ತಿ ಆರಿಸಿ.

ಕೊಂಡ ದಿನವೇ ಪ್ರತಿ ನಾಣ್ಯಕ್ಕೂ ಒಂದು ಚೀಟಿ ಬರೆಯಿರಿ: ವರ್ಷ, ಗುರುತು, ನಿಮ್ಮ ಯಂತ್ರದಲ್ಲಿ ಕಂಡ ತೂಕ, ಕೊಟ್ಟ ಬೆಲೆ, ಆ ದಿನದ ಚಿನ್ನದ ದರ, ಹರಾಜಾದರೆ ಲಾಟ್ ಸಂಖ್ಯೆ. ಹಿಂದಿನ ಮಾಲೀಕರ ಹಳೆಯ ಚೀಟಿ ಬಂದಿದ್ದರೆ ಎಷ್ಟೇ ಹರಿದಿದ್ದರೂ ಎಸೆಯಬೇಡಿ, ನಿಮ್ಮದರ ಜೊತೆಗೇ ಇಡಿ. ಡುಕಾಟ್ ಮಾರುವ ದಿನ ಬಂದಾಗ ಖರೀದಿದಾರ ನಾಣ್ಯದಷ್ಟೇ ಗಮನದಿಂದ ಓದುವುದು ಅದನ್ನೇ.